ಮೀಟದ ತಂತಿ ಮೊಳಗಿದರೆ: ಬೇಸ್ ಗಿಟಾರಿನ ಬೇಡದ ಸದ್ದನ್ನು ಪತ್ತೆ ಹಚ್ಚುವ ಬಗೆ

ಒಂದು ಹಾಡಿಗೆ ಬೇಸ್ ನುಡಿಸಿ, ಧ್ವನಿಮುದ್ರಿಸಿಕೊಂಡು, ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ನುಡಿಸಿದ್ದು ಸರಿಯಾಗಿಯೇ ಇತ್ತು. ಆದರೆ ಪ್ರತಿ ಸ್ವರ ನಿಂತ ಮೇಲೂ ಅದರ ಅಡಿಯಲ್ಲಿ ಏನೋ ಒಂದು ಗುಂಯ್ ಎನ್ನುತ್ತಲೇ ಇತ್ತು. ಮರುದಿನ ತಂತಿ ಬದಲಿಸಿದೆ, ಹೋಗಲಿಲ್ಲ. ನೆಕ್ಕಿನ (ವಾದ್ಯದ ಕತ್ತಿನ) ಒಳಗಿದ್ದು ಅದರ ಬಾಗನ್ನು ಹಿಡಿದಿಡುವ ಟ್ರಸ್ ರಾಡ್ ಎಂಬ ಸರಳನ್ನು ತಿರುಗಿಸಿದೆ. ಹಳೆಯ ಸದ್ದು ಇದ್ದಲ್ಲೇ ಇತ್ತು, ಜೊತೆಗೆ ಮೂರನೆಯ ಫ್ರೆಟ್ಟಿನಲ್ಲಿ (ನೆಕ್ಕಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಯಲ್ಲಿ) ಹೊಸದೊಂದು ಕರಕರ ಸೇರಿಕೊಂಡಿತು. ಅದನ್ನು ಓಡಿಸಲು ತಂತಿಗಳನ್ನು ಎತ್ತರಿಸಿದೆ, ಬೆರಳುಗಳು ನೋಯತೊಡಗಿದವು. ವಾರದ ಕೊನೆಗೆ ಬಂದ ಗೆಳೆಯನೊಬ್ಬ, ನಾನು ನುಡಿಸುತ್ತಿರುವಾಗಲೇ ಕೈ ಚಾಚಿ, ನಾನು ಮುಟ್ಟದೆ ಬಿಟ್ಟಿದ್ದ ಎರಡು ದಪ್ಪ ತಂತಿಗಳ ಮೇಲೆ ಅಂಗೈ ಇಟ್ಟ. ಸದ್ದು ನಿಂತಿತು. ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪಿನ ಮೇಲೆ ಅಂಟು ಹಾಕಿದಂತೆ ಕೂತಿದ್ದ ನನ್ನ ಹೆಬ್ಬೆರಳೇ ಅಪರಾಧಿ. ಕೆಡಿಸಿಕೊಂಡ ನೆಕ್ಕನ್ನು ಮೊದಲಿನ ಸ್ಥಿತಿಗೆ ತರಲು ಇನ್ನೆರಡು ದಿನ ಬೇಕಾಯಿತು.

ಅಂದಿನಿಂದ ನನ್ನದೊಂದು ನಿಯಮವಿದೆ: ಸದ್ದು ಯಾರದೆಂದು ಗೊತ್ತಾಗುವವರೆಗೆ ಸ್ಕ್ರೂಡ್ರೈವರ್ ಮುಟ್ಟುವಂತಿಲ್ಲ. ಬೇಸ್‌ನಲ್ಲಿ ಬೇಡದ ಕಂಪನಕ್ಕೆ ಮೂವರು ಕಾರಣರಾಗಬಹುದು. ನೀವು ಮೀಟಿದ ತಂತಿ ಎಲ್ಲೋ ತಗಲುತ್ತಿರಬಹುದು. ನೀವು ಮೀಟದ ತಂತಿ ತಾನಾಗಿ ನಡುಗುತ್ತಿರಬಹುದು. ಇಲ್ಲವೇ ತಂತಿಗೆ ಸಂಬಂಧವೇ ಇಲ್ಲದ ಯಾವುದೋ ತಿರುಪು, ಸ್ಪ್ರಿಂಗ್ ಅಥವಾ ಕಿಟಕಿಯ ಗಾಜು ನಡುಗುತ್ತಿರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ನನಗಾದದ್ದೇ ಆಗುತ್ತದೆ.

ಮೊದಲು ಎರಡು ಪ್ರಶ್ನೆ

ಮೊದಲನೆಯದು ಗೆಳೆಯನ ಅಂಗೈ ಪರೀಕ್ಷೆ. ಬೇಸ್‌ಗೆ ಸಾಮಾನ್ಯವಾಗಿ ನಾಲ್ಕು ತಂತಿ, ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ. ತೊಂದರೆ ಕೊಡುವ ಸ್ವರವನ್ನು ನುಡಿಸಿ, ಉಳಿದ ಮೂರು ತಂತಿಗಳನ್ನು ಯಾರಾದರೂ ಅಂಗೈಯಿಂದ ಮುಚ್ಚಲಿ. ಒಬ್ಬರೇ ಇದ್ದರೆ ಒಂದು ಒಣ ಬಟ್ಟೆಯನ್ನು ಆ ತಂತಿಗಳ ನಡುವೆ ಹೆಣೆದಂತೆ ತೂರಿಸಿದರೂ ಸಾಕು. ಸದ್ದು ನಿಂತರೆ ನೆಕ್ಕು, ಫ್ರೆಟ್ಟು, ತಂತಿಯನ್ನು ಹೊರುವ ಸ್ಯಾಡಲ್ಲುಗಳ ಮೇಲೆ ಅನುಮಾನ ಪಡಬೇಕಾಗಿಲ್ಲ. ತಪ್ಪು ಕೈಯದು.

ನಿಲ್ಲದಿದ್ದರೆ ಎರಡನೆಯ ಪ್ರಶ್ನೆ: ಸದ್ದು ಸ್ವರವನ್ನು ಹಿಂಬಾಲಿಸುತ್ತದೆಯೇ, ಜಾಗವನ್ನು ಹಿಂಬಾಲಿಸುತ್ತದೆಯೇ? ಬೇಸ್‌ನಲ್ಲಿ ಒಂದೇ ಸ್ವರ ಹಲವು ಕಡೆ ಸಿಗುತ್ತದೆ. ಎ ತಂತಿಯ 3ನೆಯ ಫ್ರೆಟ್ಟಿನಲ್ಲಿರುವ ಸಿ ಸ್ವರವೇ ಇ ತಂತಿಯ 8ನೆಯ ಫ್ರೆಟ್ಟಿನಲ್ಲೂ ಇದೆ. ಎರಡೂ ಕಡೆ ನುಡಿಸಿ ನೋಡಿ. ಎರಡರಲ್ಲೂ ಗರಗರ ಬಂದರೆ ಆ ಸ್ವರದ ಕಂಪನಕ್ಕೆ ಒಲಿದು ನಡುಗುವ ಯಾವುದೋ ವಸ್ತು ವಾದ್ಯದಲ್ಲೋ ಕೋಣೆಯಲ್ಲೋ ಇದೆ. ಒಂದು ಕಡೆ ಮಾತ್ರ ಬಂದರೆ ಆ ಜಾಗದ ಫ್ರೆಟ್ಟು ಅಥವಾ ಆ ತಂತಿಯ ದೋಷ. ಅರ್ಧ ನಿಮಿಷದ ಈ ಪರೀಕ್ಷೆ ಅರ್ಧ ದಿನದ ಕೆಲಸವನ್ನು ಉಳಿಸುತ್ತದೆ.

ಇನ್ನೊಂದು ಮಾತು. ಪ್ಲಗ್ ಹಾಕದೆ ನುಡಿಸಿದಾಗ ಬೇಸ್ ಸ್ವಲ್ಪ ಕಟಕಟ ಎನ್ನುವುದು ಸಹಜ. ದಪ್ಪ ತಂತಿ, ತಗ್ಗಿನ ಎತ್ತರ, ಲೋಹದ ಫ್ರೆಟ್ಟು ಮೂರೂ ಸೇರಿದಲ್ಲಿ ಪೂರ್ಣ ನಿಶ್ಶಬ್ದವನ್ನು ಬಯಸುವುದು ಅತ್ಯಾಸೆ. ಆಂಪ್ಲಿಫೈಯರಿನಲ್ಲಿ (ಆಂಪ್) ಕೇಳಿಸದ, ಸ್ವರದ ಆಯುಷ್ಯವನ್ನು ತಗ್ಗಿಸದ ಕಟಕಟವನ್ನು ನಾನು ದೋಷವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೀಟದ ತಂತಿಯ ಸದ್ದು

ದೂರುಗಳಲ್ಲಿ ಹೆಚ್ಚಿನವು ಇಲ್ಲಿಗೇ ಬಂದು ಸೇರುತ್ತವೆ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಬೇಸ್ ಕೈಗೆತ್ತಿಕೊಂಡು ಇ ತಂತಿಯ 3ನೆಯ ಫ್ರೆಟ್ಟಿನ ಜಿ ಸ್ವರವನ್ನು ಗಟ್ಟಿಯಾಗಿ ಮೀಟಿ. ಬೇರೆ ಯಾವ ತಂತಿಗೂ ಬೆರಳು ತಾಗದಿರಲಿ. ಎರಡು ಎಣಿಸುವಷ್ಟು ಹೊತ್ತು ಬಿಟ್ಟು ಇ ತಂತಿಯನ್ನು ಮಾತ್ರ ಥಟ್ಟನೆ ನಿಲ್ಲಿಸಿ. ಏನು ಕೇಳಿಸಿತು? ಒಂದು ಅಷ್ಟಕ ಮೇಲೆ ತೆಳುವಾಗಿ ಜಿ ಸ್ವರ ಉಳಿದಿರುತ್ತದೆ. ಬಗ್ಗಿ ನೋಡಿದರೆ ಖಾಲಿ (ಎಲ್ಲೂ ಒತ್ತದ) ಜಿ ತಂತಿ ಮಸುಕಾಗಿ ಅಲುಗುತ್ತಿರುವುದು ಕಣ್ಣಿಗೇ ಕಾಣುತ್ತದೆ. ಡಿ ತಂತಿಯ ಮೇಲೆ ಬೆರಳ ತುದಿ ಮೆಲ್ಲಗೆ ಇಟ್ಟರೆ ಅದೂ ಜುಮುಗುಡುತ್ತಿರುತ್ತದೆ.

ಕಾರಣ ಸರಳ. ಇ ತಂತಿಯ ಆ ಜಿ ಸ್ವರ ಸೆಕೆಂಡಿಗೆ 49 ಬಾರಿ ಕಂಪಿಸುತ್ತದೆ. ಯಾವ ತಂತಿಯೂ ಒಂದೇ ಕಂಪನವನ್ನು ಹೊರಡಿಸುವುದಿಲ್ಲ. ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಕಂಪನಗಳೂ ಜೊತೆಗಿರುತ್ತವೆ. 49ರ ಎರಡರಷ್ಟು 98. ಖಾಲಿ ಜಿ ತಂತಿಯ ಕಂಪನ ಸರಿಯಾಗಿ 98 ಹರ್ಟ್ಸ್. 49ರ ಮೂರರಷ್ಟು 147. ಖಾಲಿ ಡಿ ತಂತಿಯ 73.4 ಹರ್ಟ್ಸಿನ ಎರಡರಷ್ಟೂ ಹೆಚ್ಚುಕಡಿಮೆ ಅಷ್ಟೇ. ಉಯ್ಯಾಲೆಗೆ ಸರಿಯಾದ ಹೊತ್ತಿಗೆ ಮತ್ತೆ ಮತ್ತೆ ಬೆರಳು ತಾಗಿಸಿದರೆ ಅದು ದೊಡ್ಡದಾಗಿ ತೂಗುವಂತೆ, ತಂತಿಗಳು ಮೈಯ ಮೇಲೆ ಬಂದು ಕೂರುವ ಬ್ರಿಡ್ಜಿನ ಮೂಲಕ ಹಾಯುವ ಪುಟ್ಟ ನಡುಕವೇ ಈ ತಂತಿಗಳನ್ನು ಎಬ್ಬಿಸುತ್ತದೆ. ಇದಕ್ಕೆ ಅನುನಾದ ಎನ್ನುತ್ತಾರೆ. ಸಿತಾರಿನ ತರಬ್ ತಂತಿಗಳು ಇದೇ ಗುಣದಿಂದ ಹಾಡುತ್ತವೆ. ಅಲ್ಲಿ ಅದು ಸೊಬಗು. ಬೇಸ್‌ನಲ್ಲಿ ಎಲ್ಲವನ್ನೂ ಕೆಸರು ಮಾಡುವ ಕಾಟ.

ಹೀಗಾಗಿ ಇಂಥ ಸದ್ದಿಗೆ ಒಂದು ಗುರುತಿದೆ. ಇ, ಎ, ಡಿ, ಜಿ ಮತ್ತು ಬಿ ಸ್ವರಗಳಲ್ಲಿ ಅದು ಜೋರಾಗಿ ಬರುತ್ತದೆ. ಅವುಗಳಲ್ಲಿ ಇ, ಎಗಿಂತ ಅರ್ಧ ಸ್ವರ ಕೆಳಗಿರುವ ಇ ಫ್ಲ್ಯಾಟ್, ಎ ಫ್ಲ್ಯಾಟ್‌ಗಳಲ್ಲಿ ಬಹುಮಟ್ಟಿಗೆ ಮಾಯವಾಗುತ್ತದೆ. ಆ ಸ್ವರಗಳ ಮೊದಲ ಕೆಲವು ಕಂಪನಗಳಲ್ಲಿ ಒಂದೂ ಖಾಲಿ ತಂತಿಗಳ ಲೆಕ್ಕಕ್ಕೆ ಕೂಡಿ ಬರುವುದಿಲ್ಲ. ಒಂದೇ ಸಾಲನ್ನು ಅರ್ಧ ಸ್ವರ ಮೇಲಕ್ಕೋ ಕೆಳಕ್ಕೋ ಜರುಗಿಸಿ ನುಡಿಸಿದಾಗ ಕೊಳೆ ಕಳಚಿಕೊಂಡರೆ ಬೇರೆ ಸಾಕ್ಷಿ ಬೇಕಾಗಿಲ್ಲ.

ನಿವಾರಣೆಯ ಸೂತ್ರ ಹೀಗಿದೆ: ದಪ್ಪ ತಂತಿಗಳ ಹೊಣೆ ಮೀಟುವ ಕೈಗೆ, ತೆಳು ತಂತಿಗಳ ಹೊಣೆ ಒತ್ತುವ ಕೈಗೆ. ನೀವು ನುಡಿಸುತ್ತಿರುವ ತಂತಿಯೇ ಗಡಿರೇಖೆ.

ಮೀಟುವ ಕೈಯನ್ನು ನೋಡೋಣ. ಬೆರಳಿನಿಂದ ಮೀಟುವಾಗ ಬೆರಳು ತಂತಿಯನ್ನು ದಾಟಿ ಹೋಗಿ, ಪಕ್ಕದ ದಪ್ಪ ತಂತಿಗೆ ಒರಗಿ ನಿಲ್ಲಬೇಕು. ಜಿ ತಂತಿ ಮೀಟಿದ ಬೆರಳು ಡಿ ತಂತಿಯ ಮೇಲೆ ಬಂದು ಕೂರುತ್ತದೆ. ಡಿ ತಾನಾಗಿ ಮೌನ. ಗಾಳಿಯಲ್ಲಿ ಮೇಲಕ್ಕೆ ಎತ್ತಿ ಕಿತ್ತಂತೆ ಮೀಟುವವರು ಈ ಉಚಿತ ಸೌಲಭ್ಯವನ್ನು ಬಿಟ್ಟುಕೊಡುತ್ತಾರೆ, ಜೊತೆಗೆ ತಂತಿಯನ್ನು ಫ್ರೆಟ್ಟಿನ ಕಡೆಗೆ ಬಡಿಸುತ್ತಾರೆ. ಆದರೆ ಜಿ ಮೀಟಿದಾಗ ಎ ಮತ್ತು ಇ ತಂತಿಗಳನ್ನು ಕಾಯುವವರು ಯಾರು? ಹೆಬ್ಬೆರಳು. ಅದು ಪಿಕಪ್ಪಿನ ಮೇಲೆ ಖಾಯಂ ಬಿಡಾರ ಹೂಡಿದ್ದರೆ ಯಾರೂ ಇಲ್ಲ. ಇ ತಂತಿ ನುಡಿಸುವಾಗ ಮಾತ್ರ ಹೆಬ್ಬೆರಳು ಪಿಕಪ್ಪಿನ ಮೇಲಿರಲಿ. ಎ ತಂತಿಗೆ ಹೋದಾಗ ಅದು ಇ ತಂತಿಯ ಮೇಲೆ ಇಳಿಯಲಿ. ಡಿ, ಜಿಗೆ ಹೋದಾಗ ಇನ್ನೂ ಜಾರಿ ಎ ತಂತಿಗೆ ಒರಗಲಿ; ಹೆಬ್ಬೆರಳಿನ ಬದಿ ಇ ತಂತಿಯನ್ನೂ ಸವರಿಕೊಂಡಿರುತ್ತದೆ. ಐದು ತಂತಿಯ ಬೇಸ್ ಇದ್ದವರಿಗೆ ಇದು ಆಯ್ಕೆಯಲ್ಲ, ಅನಿವಾರ್ಯ. ಸುಮಾರು 31 ಹರ್ಟ್ಸಿನ ಆ ಐದನೆಯ, ಅತಿ ದಪ್ಪ ಬಿ ತಂತಿ ಮೈ ತಟ್ಟಿದರೂ ಸಾಕು, ಗುಡುಗುತ್ತದೆ.

ಮೊದಲ ವಾರ ಹೆಬ್ಬೆರಳು ದಾರಿ ತಪ್ಪಿದ ಹಾಗೆ ಓಡಾಡುತ್ತದೆ, ಲಯವೂ ಕೆಡುತ್ತದೆ. ನಾನು ಗತಿ ಇಳಿಸಿ, ಒಂದು ತಂತಿಗೆ ಒಂದೇ ಸ್ವರದಂತೆ ಏರಿ ಇಳಿಯುವುದನ್ನು ದಿನಕ್ಕೆ ಹತ್ತು ನಿಮಿಷ ಮಾಡಿದೆ. ಸ್ವರಕ್ಕಿಂತ ಸ್ವರಗಳ ನಡುವಿನ ಬಿಡುವಿಗೆ ಕಿವಿ ಕೊಡುವುದೇ ಆ ಅಭ್ಯಾಸ.

ಈಗ ಒತ್ತುವ ಕೈ. ತೋರುಬೆರಳು ಒಂದು ಸ್ವರವನ್ನು ತುದಿಯಿಂದ ಒತ್ತಿದಾಗ, ಆ ಬೆರಳಿನ ಉಳಿದ ಭಾಗ ಕಮಾನಿನಂತೆ ಎದ್ದು ನಿಲ್ಲಬೇಕಾಗಿಲ್ಲ. ಸ್ವಲ್ಪ ಚಪ್ಪಟೆಯಾಗಿ ಮಲಗಿಸಿದರೆ ಕೆಳಗಿನ ತೆಳು ತಂತಿಗಳನ್ನು ಅದರ ಒಳಮೈ ಮುಟ್ಟಿರುತ್ತದೆ. ಪಿಯಾನೋ ನುಡಿಸುವಂತೆ ಬೆರಳು ಬಾಗಿಸಬೇಕೆಂದು ಕಲಿತು ಬಂದವರಿಗೆ ಇದು ಮೈಗಳ್ಳತನದಂತೆ ತೋರುತ್ತದೆ. ಬೇಸ್‌ನಲ್ಲಿ ಅದೇ ಶಿಸ್ತು. ಅಷ್ಟಕದ ಜೋಡಿಯನ್ನು ನೋಡಿ: ಇ ತಂತಿಯ 3ನೆಯ ಫ್ರೆಟ್ಟಿನಲ್ಲಿ ತೋರುಬೆರಳು, ಡಿ ತಂತಿಯ 5ನೆಯ ಫ್ರೆಟ್ಟಿನಲ್ಲಿ ಕಿರುಬೆರಳು. ನಡುವಿನ ಎ ತಂತಿಯನ್ನು ತೋರುಬೆರಳಿನ ಒಳಮೈ ಮುಟ್ಟಿರಬೇಕು, ಕೊನೆಯ ಜಿ ತಂತಿಯನ್ನು ಕಿರುಬೆರಳಿನ ಒಳಮೈ. ಈ ಎರಡು ಸ್ಪರ್ಶ ತಪ್ಪಿದರೆ ಲಯ ರಾಡಿಯಾಗುತ್ತದೆ.

ಸ್ವರ ಮುಗಿಸುವ ರೀತಿಯಲ್ಲೂ ಒಂದು ಬಲೆ ಇದೆ. ಒತ್ತಿದ ಬೆರಳನ್ನು ಚಿಮ್ಮಿ ಎತ್ತಿದರೆ ಅದೇ ತಂತಿಯನ್ನು ಮೀಟಿದಂತಾಗಿ ಖಾಲಿ ಸ್ವರ ಹೊರಡುತ್ತದೆ. ಒತ್ತಡವನ್ನು ಸಡಿಲಿಸಿ, ಚರ್ಮ ತಂತಿಯ ಮೇಲೆಯೇ ಇರಲಿ. ಸ್ವರ ಸತ್ತ ಮೇಲೆ ಬೆರಳು ಜರುಗಲಿ.

ಇಷ್ಟೆಲ್ಲ ಮಾಡಿದರೂ ಒಮ್ಮೊಮ್ಮೆ ತಂತಿಯನ್ನು ಮುಟ್ಟಿದ ಕ್ಷಣದಲ್ಲಿ ಗಂಟೆಯಂತೆ ಟಿಣ್ ಎನ್ನುವ ಸದ್ದು ಬರುತ್ತದೆ. ಬಹಳ ಜನ ಇದರಿಂದ ಕಂಗೆಡುತ್ತಾರೆ: ನಿಲ್ಲಿಸಲು ಮುಟ್ಟಿದರೆ ಹೊಸದು ಹುಟ್ಟಿತಲ್ಲ! ತಂತಿಯ ಸರಿಯರ್ಧದಲ್ಲಿ, ಮೂರನೆಯ ಒಂದು ಭಾಗದಲ್ಲಿ, ಕಾಲುಭಾಗದಲ್ಲಿ ಹಗುರವಾಗಿ ಮುಟ್ಟಿದರೆ ತಂತಿ ನಿಲ್ಲುವುದಿಲ್ಲ, ಹಾರ್ಮೋನಿಕ್ ಆಗಿ ಒಡೆದುಕೊಳ್ಳುತ್ತದೆ. ಆ ಜಾಗಗಳು 12, 7 ಮತ್ತು 5ನೆಯ ಫ್ರೆಟ್ಟುಗಳ ನೇರ ಮೇಲೆ ಇವೆ. ಐದರಲ್ಲೂ ಏಳರಲ್ಲೂ ನಾವು ದಿನವಿಡೀ ಓಡಾಡುತ್ತಿರುತ್ತೇವೆ. ಆದ್ದರಿಂದ ಒಂದೇ ಬೆರಳಿನಿಂದ ಮುಟ್ಟಬೇಡಿ. ಎರಡು ಅಥವಾ ಮೂರು ಬೆರಳುಗಳನ್ನು ಒಟ್ಟಿಗೆ ಇಳಿಸಿ. ಎರಡು ಜಾಗದಲ್ಲಿ ತಡೆ ಬಿದ್ದಾಗ ಟಿಣ್ ಎನ್ನಲು ಅವಕಾಶ ಉಳಿಯುವುದಿಲ್ಲ.

ಮೀಟಿದ ತಂತಿಯೇ ಕರಕರ ಎಂದರೆ

ಇಲ್ಲಿಂದ ಉಪಕರಣಗಳ ಕೆಲಸ. ಆದರೂ ಮೊದಲು ಮೆಲ್ಲಗೆ ಮೀಟಿ ನೋಡಿ. ಮೆಲ್ಲಗೆ ಮೀಟಿದಾಗ ಕರಕರ ಮಾಯವಾಗಿ, ಜೋರಾಗಿ ಮೀಟಿದಾಗ ಮಾತ್ರ ಬರುತ್ತಿದ್ದರೆ, ನಿಮ್ಮ ಕೈಯ ಬಲಕ್ಕೂ ತಂತಿಯ ಎತ್ತರಕ್ಕೂ ಹೊಂದಿಕೆಯಾಗಿಲ್ಲ ಎಂದಷ್ಟೇ ಅರ್ಥ. ನೆಕ್ಕಿನ ಹತ್ತಿರ ಮೀಟಿದಷ್ಟೂ ತಂತಿ ಅಗಲವಾಗಿ ತೂಗುತ್ತದೆ. ಬ್ರಿಡ್ಜಿನ ಕಡೆಗೆ ಸರಿದರೆ ತೂಗು ಕಿರಿದಾಗುತ್ತದೆ. ಆಂಪ್‌ನ ವಾಲ್ಯೂಮ್ ಏರಿಸಿ ಕೈಯನ್ನು ಹಗುರ ಮಾಡಿಕೊಂಡದ್ದರಿಂದಲೇ ಎಷ್ಟೋ ಜನರ ಬೇಸ್ ದುರಸ್ತಿಯಾದದ್ದನ್ನು ಕಂಡಿದ್ದೇನೆ.

ಮೆಲ್ಲಗೆ ಮೀಟಿದರೂ ಬರುತ್ತಿದ್ದರೆ ಎಲ್ಲಿ ಬರುತ್ತದೆ ಎಂಬುದೇ ಕಾರಣವನ್ನೂ ಹೇಳುತ್ತದೆ. ಖಾಲಿ ತಂತಿಯಲ್ಲಿ ಮಾತ್ರ ಕರಕರ, ಯಾವ ಫ್ರೆಟ್ ಒತ್ತಿದರೂ ಸ್ವಚ್ಛ: ನಟ್‌ನಲ್ಲಿ (ನೆಕ್ಕಿನ ತುದಿಯಲ್ಲಿ ತಂತಿಗಳನ್ನು ಹೊರುವ ಪಟ್ಟಿ) ತಂತಿ ಕೂರುವ ಸೀಳು ಆಳವಾಗಿದೆ. ಒಂದರಿಂದ ಐದನೆಯ ಫ್ರೆಟ್ಟಿನವರೆಗೆ ಎಲ್ಲ ತಂತಿಗಳಲ್ಲೂ ಕರಕರ: ನೆಕ್ಕು ತೀರಾ ನೇರವಾಗಿದೆ, ಇಲ್ಲವೇ ಹಿಂದಕ್ಕೆ ಬಾಗಿದೆ. 12ರ ಆಚೆ ಮಾತ್ರ: ತಂತಿ ತೀರಾ ತಗ್ಗಿನಲ್ಲಿದೆ, ಅಥವಾ ನೆಕ್ಕು ಮೈಗೆ ಸೇರುವಲ್ಲಿ ಉಬ್ಬಿದೆ. ಒಂದೇ ಒಂದು ಫ್ರೆಟ್ಟಿನಲ್ಲಿ ಮಾತ್ರ: ಅದರ ಮುಂದಿನದು ಎದ್ದಿದೆ ಅಥವಾ ಅದೇ ಸವೆದಿದೆ. ನೇರ ಅಂಚಿನ ಚಿಕ್ಕ ಲೋಹದ ಪಟ್ಟಿಯನ್ನು ಮೂರು ಫ್ರೆಟ್ಟುಗಳ ಮೇಲೆ ನಿಲ್ಲಿಸಿ ಅಲುಗಿಸಿ. ತೊಟ್ಟಿಲಿನಂತೆ ತೂಗಿದರೆ ನಡುವಿನದು ಎತ್ತರವಾಗಿದೆ. ಎದ್ದ ಫ್ರೆಟ್ಟನ್ನು ತಟ್ಟಿ ಕೂರಿಸುವುದನ್ನೂ ಉಜ್ಜಿ ಸಮ ಮಾಡುವುದನ್ನೂ ಕೆಲಸ ಬಲ್ಲವರಿಗೆ ಬಿಡಿ. ಉಜ್ಜಿ ಹೋದ ಲೋಹ ಮರಳಿ ಬರುವುದಿಲ್ಲ.

ನೆಕ್ಕಿನ ಬಾಗು ಅಳೆಯುವುದು ಮನೆಯಲ್ಲೇ ಆಗುವ ಕೆಲಸ. ಬೇಸನ್ನು ಶ್ರುತಿ ಮಾಡಿ, ಯಾವಾಗಲೂ ಶ್ರುತಿ ಮಾಡಿದ ಮೇಲೆಯೇ. ನುಡಿಸುವ ಭಂಗಿಯಲ್ಲೇ ಹಿಡಿದುಕೊಳ್ಳಿ. ಮೇಜಿನ ಮೇಲೆ ಮಲಗಿಸಿದರೆ ನೆಕ್ಕಿನ ತೂಕವೇ ಅಳತೆಯನ್ನು ಕೆಡಿಸುತ್ತದೆ. ಇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಒಂದು ಕೇಪೋದಿಂದ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಒತ್ತಿಸಿ, ನೆಕ್ಕು ಮೈಗೆ ಸೇರುವ ಫ್ರೆಟ್ಟಿನಲ್ಲಿ ಬೆರಳಿನಿಂದ ಒತ್ತಿ. ಈಗ ಆ ತಂತಿಯೇ ನಿಮ್ಮ ಅಳತೆಗೋಲು. 7 ಅಥವಾ 8ನೆಯ ಫ್ರೆಟ್ಟಿನ ನೆತ್ತಿಗೂ ತಂತಿಯ ಅಡಿಗೂ ನಡುವೆ ಸುಮಾರು 0.3 ಮಿಲಿಮೀಟರ್ ಸಂದು ಇರಬೇಕು. ಸಂದು ಅಳೆಯುವ ಫೀಲರ್ ಗೇಜ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ದಪ್ಪನೆಯ ವಿಸಿಟಿಂಗ್ ಕಾರ್ಡ್ ತಂತಿಯನ್ನು ಎತ್ತದೆ ಜಾರಿದರೆ ಸಾಕು. ಸಂದೇ ಇಲ್ಲದೆ ತಂತಿ ಫ್ರೆಟ್ಟಿಗೆ ಅಂಟಿ ಕೂತಿದ್ದರೆ ಟ್ರಸ್ ರಾಡನ್ನು ಸಡಿಲಿಸಬೇಕು, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಸಂದು ಹೆಚ್ಚಾಗಿದ್ದರೆ ಮುಳ್ಳಿನ ದಿಕ್ಕಿನಲ್ಲಿ ಬಿಗಿಮಾಡಬೇಕು. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚಿಲ್ಲ. ಮತ್ತೆ ಶ್ರುತಿ ಮಾಡಿ, ಅಳೆದು, ಮರ ಒಗ್ಗಿಕೊಳ್ಳಲು ಒಂದು ರಾತ್ರಿ ಬಿಟ್ಟು ಮತ್ತೊಮ್ಮೆ ಅಳೆಯಿರಿ. ಕೀಲಿ ತಿರುಗಲು ಒಪ್ಪದಿದ್ದರೆ ಬಲ ಹಾಕಬೇಡಿ. ಮುರಿದ ಟ್ರಸ್ ರಾಡ್ ಎಂದರೆ ಹೊಸ ನೆಕ್ಕಿನ ಮಾತು.

ಹವೆ ಒಣಗಿದಾಗ ಬಹಳಷ್ಟು ನೆಕ್ಕುಗಳು ನೇರವಾಗುತ್ತವೆ, ತೇವ ಹೆಚ್ಚಿದಾಗ ಮುಂದಕ್ಕೆ ಬಾಗುತ್ತವೆ. ನಿನ್ನೆಯವರೆಗೆ ಸುಮ್ಮನಿದ್ದ ಬೇಸ್ ಋತು ಬದಲಾದ ವಾರದಲ್ಲಿ ಗೊಣಗತೊಡಗಿದರೆ ಅಚ್ಚರಿಪಡಬೇಡಿ. ತಂತಿಯ ದಪ್ಪ ಬದಲಿಸಿದಾಗಲೂ ಶ್ರುತಿ ಇಳಿಸಿದಾಗಲೂ ಹೀಗೆಯೇ: ಎಳೆತ ಬದಲಾದರೆ ಬಾಗೂ ಬದಲಾಗುತ್ತದೆ. ಇ ತಂತಿಯನ್ನು ಡಿಗೆ ಇಳಿಸಿ ನುಡಿಸುವವರು ಇದಕ್ಕೆ ಸಿದ್ಧರಾಗಿಯೇ ಇರಬೇಕು. ಸಡಿಲ ತಂತಿ ಅಗಲವಾಗಿ ತೂಗುತ್ತದೆ, ಫ್ರೆಟ್ಟಿಗೆ ಬಡಿಯುತ್ತದೆ.

ಬಾಗು ಸರಿಯಾದ ಮೇಲೆಯೇ ಎತ್ತರ. 17ನೆಯ ಫ್ರೆಟ್ಟಿನಲ್ಲಿ ಇ ತಂತಿಯ ಅಡಿಗೆ ಸುಮಾರು 2.4 ಮಿಲಿಮೀಟರ್, ಜಿ ತಂತಿಗೆ 2 ಮಿಲಿಮೀಟರ್ ಒಂದು ಒಳ್ಳೆಯ ಆರಂಭ. ಅಲ್ಲಿಂದ ನಿಮ್ಮ ಕೈಗೆ ತಕ್ಕಂತೆ ಸ್ಯಾಡಲ್ಲಿನ ತಿರುಪುಗಳಿಂದ ಏರಿಳಿಸಿ. ಈ ಕ್ರಮವನ್ನು ಮಾತ್ರ ತಿರುವು ಮುರುವು ಮಾಡಬೇಡಿ. ಎತ್ತರದ ಸಮಸ್ಯೆಗೆ ಟ್ರಸ್ ರಾಡ್ ತಿರುಗಿಸುವುದು ಬೇಸ್ ಲೋಕದ ಅತಿ ಸಾಮಾನ್ಯ ತಪ್ಪು. ಅದನ್ನು ಮಾಡಿದವರಲ್ಲಿ ನಾನೂ ಒಬ್ಬ.

ನಟ್ ಪರೀಕ್ಷೆ ಇನ್ನೂ ಸುಲಭ. ತಂತಿಯನ್ನು 2 ಮತ್ತು 3ನೆಯ ಫ್ರೆಟ್ಟುಗಳ ನಡುವೆ ಒತ್ತಿ, ಮೊದಲ ಫ್ರೆಟ್ಟಿನ ಮೇಲೆ ಕೂದಲೆಳೆಯಷ್ಟಾದರೂ ಸಂದು ಇದೆಯೇ ನೋಡಿ. ಇಲ್ಲದಿದ್ದರೆ ಸೀಳು ಆಳವಾಗಿದೆ. ಅಡುಗೆ ಸೋಡಾದ ಪುಡಿ ತುಂಬಿ ಮೇಲೆ ಒಂದು ಹನಿ ಸೂಪರ್ ಗ್ಲೂ ಬಿಟ್ಟು, ಗಟ್ಟಿಯಾದ ಮೇಲೆ ಹೊಸದಾಗಿ ಅರದಿಂದ ಕೊರೆಯುವ ಉಪಾಯವಿದೆ. ಕೆಲವು ತಿಂಗಳು ನಡೆಯುತ್ತದೆ. ಹೊಸ ನಟ್ ಹಾಕಿಸುವುದೇ ನಿಜವಾದ ಪರಿಹಾರ.

ತಂತಿಯೇ ಅಲ್ಲದ ಸದ್ದು

ಸ್ವರವನ್ನು ಹಿಂಬಾಲಿಸುವ ಗರಗರ ಇದು. ಒಂದು ಸ್ವರದಲ್ಲಿ ಮಾತ್ರ ಎದ್ದು, ಅರ್ಧ ಸ್ವರ ಆಚೀಚೆ ಹೋದರೆ ಮಲಗಿಬಿಡುತ್ತದೆ. ಹುಡುಕಲು ಇನ್ನೊಬ್ಬರು ಬೇಕು. ಒಬ್ಬರು ಆ ಸ್ವರವನ್ನೇ ಬಿಡದೆ ಮೀಟುತ್ತಿರಲಿ, ಇನ್ನೊಬ್ಬರು ಬೆರಳಿನಿಂದ ಒಂದೊಂದೇ ಭಾಗವನ್ನು ಒತ್ತಿ ಹಿಡಿಯುತ್ತ ಹೋಗಲಿ: ತಂತಿ ಬಿಗಿಯುವ ಟ್ಯೂನರಿನ ಸುತ್ತಲಿನ ತಿರುಪಿನ ನಟ್ಟು, ತಂತಿಯನ್ನು ತಗ್ಗಿಸುವ ಪುಟ್ಟ ಕೊಂಡಿ, ಪಿಕಪ್ಪಿನ ಕೆಳಗಿನ ಸ್ಪ್ರಿಂಗು, ವಾಲ್ಯೂಮ್ ಗುಂಡಿ, ಜ್ಯಾಕ್, ಹೆಗಲ ಪಟ್ಟಿ ಸಿಕ್ಕಿಸುವ ಗುಬುಟು, ಸಕ್ರಿಯ ಬೇಸ್ ಆದರೆ ಅದರೊಳಗಿನ ಬ್ಯಾಟರಿ. ಯಾವುದನ್ನು ಒತ್ತಿದಾಗ ಸದ್ದು ಸಾಯುತ್ತದೋ ಅದೇ.

ನನ್ನ ಅನುಭವದಲ್ಲಿ ಮೊದಲು ನೋಡಬೇಕಾದದ್ದು ಸ್ಯಾಡಲ್ ಎತ್ತರಿಸುವ ಪುಟಾಣಿ ತಿರುಪುಗಳು. ಒಂದೊಂದು ಸ್ಯಾಡಲ್ಲಿಗೆ ಎರಡು ಇರುತ್ತವೆ. ಭಾರವೆಲ್ಲ ಒಂದರ ಮೇಲೆ ಬಿದ್ದು ಇನ್ನೊಂದು ಪೂರ್ತಿ ಕೂರದೆ ನೇತಾಡುತ್ತಿದ್ದರೆ ಜೀರುಂಡೆಯಂತೆ ಜಿರಿಜಿರಿ ಎನ್ನುತ್ತದೆ. ಕಾಲು ಸುತ್ತು ಇಳಿಸಿ ನೆಲಕ್ಕೆ ಕೂರಿಸಿ, ತಿರುಪಿನ ಎಳೆಗಳಿಗೆ ಒಂದು ಚುಕ್ಕೆ ಉಗುರು ಬಣ್ಣ ಹಚ್ಚಿ. ಮುಂದೆ ತಿರುಗಿಸಬೇಕಾದಾಗ ಅದು ಬಿಟ್ಟುಕೊಡುತ್ತದೆ, ಅಲ್ಲಿಯವರೆಗೆ ಅಲುಗುವುದಿಲ್ಲ. ಎಲ್ಲವನ್ನೂ ಒತ್ತಿದರೂ ಸದ್ದು ನೆಕ್ಕಿನ ಒಳಗಿಂದಲೇ ಬರುತ್ತಿದ್ದರೆ ಪೂರ್ತಿ ಸಡಿಲವಾದ ಟ್ರಸ್ ರಾಡ್ ಒಳಗೆ ನಡುಗುತ್ತಿರಬಹುದು. ಕೀಲಿಯನ್ನು ಹಿಡಿತ ಸಿಗುವಷ್ಟು ಮಾತ್ರ ಬಿಗಿಮಾಡಿದರೆ ಸುಮ್ಮನಾಗುತ್ತದೆ.

ನಟ್‌ಗೂ ಟ್ಯೂನರಿಗೂ ನಡುವಿನ ತಂತಿಯ ತುಂಡು ಕೂಡ ತಂತಿಯೇ ಎಂಬುದನ್ನು ಜನ ಮರೆಯುತ್ತಾರೆ. ಅಲ್ಲೂ ಅನುನಾದ ನಡೆಯುತ್ತದೆ. ಒಂದು ಚೂರು ಫೆಲ್ಟ್ ಬಟ್ಟೆ ತೂರಿಸಿದರೆ ಮುಗಿಯಿತು.

ಹೆಡ್‌ಫೋನಿನಲ್ಲಿ ಸ್ವಚ್ಛವಾಗಿ ಕೇಳಿಸಿ ಕೋಣೆಯಲ್ಲಿ ಮಾತ್ರ ಗರಗರ ಬಂದರೆ ಬೇಸನ್ನು ಬಿಟ್ಟು ಗೋಡೆ ನೋಡಿ: ಚಿತ್ರಪಟದ ಚೌಕಟ್ಟು, ಕಿಟಕಿ, ಡ್ರಮ್ ಸೆಟ್ಟಿನ ಸ್ನೇರ್. ಸ್ನೇರಿನ ಅಡಿಯ ತಂತಿಜಾಲ ಬೇಸ್‌ನ ಸದ್ದು ತಗಲಿದರೆ ಸಾಕು ಹಲ್ಲು ಕಡಿಯುತ್ತದೆ. ಆಂಪ್ ಜೋರಾಗಿದ್ದು ನೀವು ಅದರ ಎದುರೇ ನಿಂತಿದ್ದರೆ ಖಾಲಿ ತಂತಿಗಳು ಯಾರೂ ಮೀಟದೆ ಊಳಿಡುತ್ತವೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲಿ.

ಕಂಪ್ರೆಸರ್ ಬಳಸುವವರಿಗೆ ಒಂದು ಎಚ್ಚರಿಕೆ. ಅದು ಜೋರಾದ ಸದ್ದನ್ನು ತಗ್ಗಿಸುತ್ತದೆ. ತಗ್ಗಿದ್ದನ್ನು ಸರಿದೂಗಿಸಲು ನಾವು ಒಟ್ಟು ಮಟ್ಟವನ್ನು ಏರಿಸುತ್ತೇವೆ. ಆಗ ಮೂಲೆಯಲ್ಲಿ ಮಲಗಿದ್ದ ಮೀಟದ ತಂತಿಯ ಗುಂಯ್ ಎದ್ದು ಬಂದು ಮುಂದಿನ ಸಾಲಿನಲ್ಲಿ ಕೂರುತ್ತದೆ. ಕೈ ತಿದ್ದುವ ದಿನಗಳಲ್ಲಿ ಅದನ್ನು ಆರಿಸಿಡಿ, ಇಲ್ಲವೇ ತಪ್ಪು ಹಿಡಿಯಲೆಂದೇ ಹಾಕಿಡಿ.

ಎರಡು ವಿಚಿತ್ರ ಪ್ರಕರಣ

ಮೇಲಿನ ಫ್ರೆಟ್ಟುಗಳಲ್ಲಿ ದಪ್ಪ ತಂತಿ ನುಡಿಸಿದಾಗ ಒಂದೇ ಸ್ವರ ಎರಡಾದಂತೆ ಹೊಯ್ದಾಡುತ್ತದೆಯೇ? ಪಿಕಪ್ಪಿನ ಅಯಸ್ಕಾಂತ ತಂತಿಯನ್ನು ಹಿಡಿದೆಳೆಯುತ್ತಿರಬಹುದು. ಕೊನೆಯ ಫ್ರೆಟ್ ಒತ್ತಿ ಹಿಡಿದು ತಂತಿಗೂ ಪಿಕಪ್ಪಿಗೂ ನಡುವೆ 3 ಮಿಲಿಮೀಟರ್ ಆಸುಪಾಸಿನ ಅಂತರ ಬರುವಂತೆ ಪಿಕಪ್ಪನ್ನು ತಗ್ಗಿಸಿ. ಹೋಗದಿದ್ದರೆ ತಂತಿಯೇ ತಿರುಚಿಕೊಂಡಿದೆ. ಟ್ಯೂನರಿನಿಂದ ಬಿಚ್ಚಿ, ತಾನಾಗಿ ಸುತ್ತು ಬಿಚ್ಚಿಕೊಳ್ಳಲು ಬಿಟ್ಟು, ತಿರುಚದೆ ಮರಳಿ ಹಾಕಿ.

ಇನ್ನೊಂದು ಇದರ ವಿರುದ್ಧ: ಬೇಡದ ಕಂಪನವಲ್ಲ, ಬೇಕಾದ ಕಂಪನವೇ ಸಾಯುವುದು. ಜಿ ತಂತಿಯ 5ರಿಂದ 7ನೆಯ ಫ್ರೆಟ್ಟಿನ ಆಸುಪಾಸಿನಲ್ಲಿ ಒಂದು ಸ್ವರ ಠಪ್ ಎಂದು ಉಸಿರು ಬಿಡುತ್ತದೆ. ತಿರುಪು ಹಾಕಿ ನೆಕ್ಕು ಕೂರಿಸಿದ ಅನೇಕ ಬೇಸ್‌ಗಳಲ್ಲಿ ಇದು ಇದ್ದೇ ಇದೆ. ಆ ಸ್ವರದ ಕಂಪನ ನೆಕ್ಕಿನ ಸ್ವಂತ ಕಂಪನಕ್ಕೆ ಕೂಡಿ ಬಂದು, ತಂತಿಯ ಶಕ್ತಿಯನ್ನು ಮರ ಕುಡಿದುಬಿಡುತ್ತದೆ. ನೆಕ್ಕಿನ ತುದಿಯ ಹೆಡ್‌ಸ್ಟಾಕಿಗೆ ಒಂದು ಚಿಕ್ಕ ಕ್ಲ್ಯಾಂಪ್ ಕಚ್ಚಿಸಿ ತೂಕ ಕೂಡಿಸಿದರೆ ಆ ಜಾಗ ಸರಿಯುತ್ತದೆ, ಕೆಲವೊಮ್ಮೆ ಎರಡು ಫ್ರೆಟ್ಟುಗಳ ನಡುವೆ ಹೋಗಿ ಅಡಗುತ್ತದೆ. ಮಾಯವಾಗುವುದಿಲ್ಲ. ನಾನು ಆ ಸ್ವರವನ್ನು ಡಿ ತಂತಿಯಲ್ಲಿ ನುಡಿಸುತ್ತೇನೆ, ಜಗಳ ಮುಗಿಯಿತು.

ಸ್ಪಂಜು ಮತ್ತು ಕೂದಲಿನ ಪಟ್ಟಿ

1951ರಲ್ಲಿ ಫೆಂಡರ್ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ಬಂದ ಕಾಲದ ವಾದ್ಯಗಳ ಬ್ರಿಡ್ಜಿನ ಮೇಲೆ ಒಂದು ಲೋಹದ ಮುಚ್ಚಳವಿರುತ್ತಿತ್ತು. ತಂತಿಗಳ ದೀರ್ಘ ಮೊಳಗನ್ನು ತಗ್ಗಿಸುವ ಮೆತ್ತೆ ಅದರೊಳಗೆ ಅಡಗಿರುತ್ತಿತ್ತು. ಮುಂದೆ ಬಹಳ ಜನ ಮುಚ್ಚಳವನ್ನೂ ಮೆತ್ತೆಯನ್ನೂ ಕಿತ್ತು ಎಸೆದರು. ಅಮೆರಿಕದ ಮೋಟೌನ್ ಕಂಪನಿಯ ಧ್ವನಿಮುದ್ರಣಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಅದನ್ನು ಉಳಿಸಿಕೊಂಡರು. ಒಂದೇ ತೋರುಬೆರಳಿನಿಂದ ಅವರು ಮೀಟಿದ ಆ ಗುಂಡನೆಯ, ಬೇಗ ಅಡಗುವ ಸ್ವರದಲ್ಲಿ ಆ ಮೆತ್ತೆಯ ಪಾಲೂ ಇದೆ.

ನೀವೂ ಮಾಡಬಹುದು. ಮೆದುವಾದ ಸ್ಪಂಜಿನ ಪಟ್ಟಿಯೊಂದನ್ನು ಬ್ರಿಡ್ಜಿಗೆ ತಾಗಿಸಿ ತಂತಿಗಳ ಅಡಿಗೆ ತೂರಿಸಿ. ತಂತಿಯನ್ನು ಮೇಲಕ್ಕೆ ಎತ್ತದೆ ಮುಟ್ಟಿದಂತೆ ಇರಬೇಕು. ಹೆಚ್ಚು ಒತ್ತಿದರೆ ಶ್ರುತಿ ಏರುತ್ತದೆ. ಸ್ಪಂಜು ಮೀಟಿದ ತಂತಿಯನ್ನೂ ಮೀಟದ ತಂತಿಯನ್ನೂ ಸಮನಾಗಿ ಅಡಗಿಸುತ್ತದೆ, ಅಂದರೆ ಸ್ವರದ ಬಣ್ಣವೇ ಬದಲಾಗುತ್ತದೆ. ಆ ಬಣ್ಣ ಬೇಕಿದ್ದರೆ ಹಾಕಿ. ಕೈಯ ತಪ್ಪು ಮುಚ್ಚಲು ಹಾಕಿದರೆ ಉದ್ದ ಸ್ವರ ಬೇಕಾದ ಹಾಡಿನಲ್ಲಿ ಸಿಕ್ಕಿಬೀಳುತ್ತೀರಿ. ಕೂದಲಿಗೆ ಹಾಕುವ ಬಟ್ಟೆಯ ಪಟ್ಟಿಯನ್ನು ನಟ್‌ನ ಬಳಿ ತಂತಿಗಳ ಸುತ್ತ ಬಿಗಿದರೆ ಖಾಲಿ ತಂತಿಗಳು ಮಾತ್ರ ಸುಮ್ಮನಾಗುತ್ತವೆ, ಒತ್ತಿದ ಸ್ವರಗಳು ಹಾಗೇ ಉಳಿಯುತ್ತವೆ. ಖಾಲಿ ತಂತಿ ಬೇಡದ ಸಾಲುಗಳನ್ನು ಧ್ವನಿಮುದ್ರಿಸುವಾಗ ನಾನು ಇದನ್ನು ನಾಚಿಕೆಯಿಲ್ಲದೆ ಬಳಸುತ್ತೇನೆ.

ಎಲ್ಲ ಮುಗಿಯಿತು ಎನಿಸಿದ ಮೇಲೆ ಮೊಬೈಲಿನಲ್ಲೇ ಅರ್ಧ ನಿಮಿಷ ಮುದ್ರಿಸಿ: ಇ ತಂತಿಯ ಜಿ, ಎ ತಂತಿಯ 5ನೆಯ ಫ್ರೆಟ್ಟಿನ ಡಿ, ಜಿ ತಂತಿಯ 2ನೆಯ ಫ್ರೆಟ್ಟಿನ ಎ. ಪ್ರತಿ ಸ್ವರವನ್ನೂ ಎರಡು ಎಣಿಕೆ ನುಡಿಸಿ, ಎರಡು ಎಣಿಕೆ ನಿಲ್ಲಿಸಿ. ಹೆಡ್‌ಫೋನ್ ಹಾಕಿ ನಿಲುಗಡೆಗಳನ್ನು ಮಾತ್ರ ಕೇಳಿ. ನಾನು ಮೊನ್ನೆ ಹೀಗೆ ಕೇಳಿದಾಗ ತಂತಿಗಳೆಲ್ಲ ಮೌನವಾಗಿದ್ದವು, ಆದರೆ ಲಯಕ್ಕೆ ಸರಿಯಾಗಿ ಕಿರ್ ಕಿರ್ ಎನ್ನುವುದೊಂದು ಉಳಿದಿತ್ತು. ಅದು ನಾನು ಕೂತಿದ್ದ ಕುರ್ಚಿ.